ಸೌಟು ಹಿಡಿದ ಕೈಗೆ ಹಾಯಿಹಡಗು

ಕಡಲಿನ ಕಾದಂಬರಿಗಳೆಂದರೆ ನನಗೆ ಪ್ರಾಣ ಎಂದು ಹೇಳಿದರೆ ನಮ್ಮ ಬೀದಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ನಗಲಿ ಬಿಡಿ. ಮಧುಗಿರಿಯಲ್ಲಿ ಕುಳಿತವಳು ಹಾಯಿಹಡಗಿನ ಕಥೆ ಓದುವುದೆಂದರೆ ನಗು ಬರುವಂಥದ್ದೇ. ಇಲ್ಲಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ಮುನ್ನೂರು ಕಿಲೋಮೀಟರ್ ಹತ್ತಿರ ದೂರ. ಕಣ್ಣೆತ್ತಿದರೆ ಕಾಣುವುದು ಒಂದೇ ಬಂಡೆಯ ಬೆಟ್ಟ. ಹೊಳೆ ಎಂದರೆ ಜಯಮಂಗಲಿ. ಅವಳು ಮಳೆಯಾದ ವರ್ಷ ನಾಲ್ಕು ದಿನ ಬಂದು ಮುಖ ತೋರಿಸಿ ಹೋಗುವ ನೆಂಟಳು. "ಕುಡಿಯೋಕೆ ನೀರಿಲ್ಲದ ಸೀಮೇಲಿ ನಿನಗೆ ಸಮುದ್ರದ ಚಿಂತೆ ಕಣಮ್ಮ!" ಅಂತ ನಮ್ಮ ಅತ್ತೆಯವರು ಆಡಿಕೊಳ್ಳುತ್ತಿದ್ದರು.

ಸೋದರಿಯರೇ, ನಿಮಗೊಂದು ಗುಟ್ಟು ಹೇಳುತ್ತೇನೆ. ಈ ಕಾದಂಬರಿಗಳನ್ನು ಬರೆದವರು ಗಂಡಸರು, ಬರೆದದ್ದು ಗಂಡುಹುಡುಗರಿಗಾಗಿ. ಬಿರುಗಾಳಿ, ಕಡಲುಗಳ್ಳರು, ತಿಮಿಂಗಿಲ ಎಲ್ಲ ಅವುಗಳಲ್ಲಿ ಉಂಟು. ಆದರೆ ಆ ಗದ್ದಲವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ. ಅಲ್ಲಿ ಅರ್ಧ ಇರುವುದು ಮನೆವಾರ್ತೆ. ಸಾಮಾನು ಎಷ್ಟಿದೆ, ನೀರು ಎಷ್ಟು ದಿನ ಬರುತ್ತದೆ, ಹಿಟ್ಟಿಗೆ ಹುಳ ಬಿದ್ದಿತೆ, ಯಾರಿಗೆ ಎಷ್ಟು ಬಡಿಸಬೇಕು. ಉಳಿದರ್ಧ ಕಾಯುವುದು. ಇವೆರಡರಲ್ಲಿ ನಮಗಿಂತ ಹೆಚ್ಚು ಓದಿದವರು ಯಾರಿದ್ದಾರೆ, ನೀವೇ ಹೇಳಿ.

ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಪಾವಗಡ ತಾಲ್ಲೂಕಿನಲ್ಲಿ. ಶಾಲೆಯ ಬೀರುವಿನಲ್ಲಿ ಅಟ್ಟೆ ಹರಿದ ಒಂದು 'ರಾಬಿನ್‌ಸನ್ ಕ್ರೂಸೋ' ಸಂಗ್ರಹ ಇತ್ತು. ಡೇನಿಯಲ್ ಡಿಫೋ ಎಂಬ ಇಂಗ್ಲಿಷಿನವನು 1719ರಲ್ಲಿ ಬರೆದದ್ದು. ಕಥೆ ನಿಮಗೆಲ್ಲ ಗೊತ್ತು. ಹಡಗು ಒಡೆದು ಎಲ್ಲರೂ ಸತ್ತು ಒಬ್ಬನೇ ದ್ವೀಪ ಸೇರುತ್ತಾನೆ. ನಮ್ಮ ಮೇಷ್ಟರು ಧೈರ್ಯಕ್ಕೆ ಉದಾಹರಣೆ ಅಂತ ಹೇಳಿದರು. ನನಗೆ ಆಗಲೇ ಬೇರೆ ಕಂಡಿತು. ಆ ಪುಣ್ಯಾತ್ಮ ಮೊದಲು ಮಾಡಿದ್ದೇನು? ತೆಪ್ಪ ಕಟ್ಟಿಕೊಂಡು ಒಡೆದ ಹಡಗಿಗೆ ಹತ್ತು-ಹನ್ನೆರಡು ಸಲ ಹೋಗಿ ಬಂದ. ರೊಟ್ಟಿ, ಅಕ್ಕಿ, ಗಿಣ್ಣಿನ ಗಡ್ಡೆ, ಒಣಗಿಸಿದ ಆಡಿನ ಮಾಂಸ, ಬಡಗಿಯ ಪೆಟ್ಟಿಗೆ ಎಲ್ಲ ಹೊತ್ತು ತಂದ. ಬೆಂಕಿ ಬಿದ್ದ ಮನೆಯಿಂದ ಹೆಂಗಸರು ಮೊದಲು ಈಚೆ ಹಾಕುವುದೂ ಇದನ್ನೇ ಅಲ್ಲವೆ?

ಕೋಳಿಕಾಳಿನ ಚೀಲ ಕೊಡವಿದ ಜಾಗದಲ್ಲಿ ಮಳೆ ಬಿದ್ದ ಮೇಲೆ ಬಾರ್ಲಿ ಮೊಳಕೆ ಬರುತ್ತದೆ. ದೇವರೇ ಕೊಟ್ಟನೆಂದು ಅವನು ಕೈಮುಗಿಯುತ್ತಾನೆ, ಆಮೇಲೆ ಚೀಲ ಕೊಡವಿದ್ದು ನೆನಪಾಗುತ್ತದೆ. ಆ ತೆನೆಗಳನ್ನು ಬೀಜಕ್ಕೇ ಇಟ್ಟು, ನಾಲ್ಕನೆಯ ವರ್ಷದವರೆಗೆ ಅದರಲ್ಲಿ ಒಂದು ಕಾಳೂ ತಿನ್ನುವುದಿಲ್ಲ. ನಮ್ಮ ಅವ್ವ ಬರಗಾಲದಲ್ಲೂ ಬಿತ್ತನೆ ರಾಗಿಯ ಗುಡಾಣಕ್ಕೆ ಕೈ ಹಾಕಲು ಬಿಡುತ್ತಿರಲಿಲ್ಲ. ಮಕ್ಕಳು ಅತ್ತರೂ ಸರಿಯೇ. ಓದುತ್ತಿದ್ದಾಗ ಈ ಬಿಳಿಯ ಗಡ್ಡದವನಿಗೂ ನಮ್ಮ ಅವ್ವನಿಗೂ ಏನೋ ನೆಂಟಸ್ತಿಕೆ ಇರಬೇಕು ಅನ್ನಿಸಿತ್ತು. ಆಮೇಲೆ ಮಡಕೆ ಮಾಡುತ್ತಾನೆ, ಬಿಸಿಲಿಗೆ ಒಡೆಯುತ್ತದೆ. ಒಲೆಯಲ್ಲಿ ಬಿದ್ದ ಚೂರು ಕಲ್ಲಾಗಿದ್ದನ್ನು ಕಂಡು ಸುಡುವುದನ್ನು ಕಲಿಯುತ್ತಾನೆ. ಒಂದು ರೊಟ್ಟಿ ಆಗಬೇಕಾದರೆ ಎಷ್ಟು ಸಣ್ಣ ಸಣ್ಣ ಕೆಲಸ ಇವೆ ಎಂದು ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಇಪ್ಪತ್ತೆಂಟು ವರ್ಷ ಅಡುಗೆ, ಬಟ್ಟೆ, ಬೀಜ, ಮೇಕೆ ನೋಡಿಕೊಂಡ ಗಂಡಸಿನ ಮೇಲೆ ಇಷ್ಟು ದೊಡ್ಡ ಪುಸ್ತಕ! ನಮ್ಮ ಸೀಮೆಯಲ್ಲಿ ಅದನ್ನು ಮಾಡಿದವರ ಹೆಸರು ಪಡಿತರ ಚೀಟಿಯಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ.

ನೀರಿನ ಮಾತು ಬಂದರೆ ನನ್ನ ತವರಿನ ಕಡೆಯವರಿಗೆ ಹಡಗಿನವರ ಸಂಕಟ ವಿವರಿಸಬೇಕಾಗಿಯೇ ಇಲ್ಲ. ಹಾಯಿಹಡಗಿನಲ್ಲಿ ಸಿಹಿನೀರು ಪೀಪಾಯಿಗಳಲ್ಲಿ ಇರುತ್ತಿತ್ತು. ಕೆಲವು ವಾರ ಕಳೆದರೆ ಪಾಚಿ ಕಟ್ಟಿ ವಾಸನೆ ಬರುತ್ತಿತ್ತು. ಗಾಳಿ ನಿಂತು ಹಡಗು ಅಲ್ಲಾಡದೆ ಕುಳಿತರೆ ತಲೆಗಿಷ್ಟು ಎಂದು ಅಳೆದು ಕೊಡುತ್ತಿದ್ದರು. ಸುತ್ತ ಕಣ್ಣು ಹಾಯುವಷ್ಟೂ ನೀರು, ಬಾಯಿಗೆ ಹಾಕುವಂತಿಲ್ಲ. ಪಾವಗಡದ ಬೋರ್‌ವೆಲ್ ನೀರೂ ಹಾಗೆಯೇ. ನೋಡಲು ತಿಳಿಯಾಗಿ ತಣ್ಣಗಿರುತ್ತದೆ, ಒಳಗೆ ಫ್ಲೋರೈಡ್. ನನ್ನ ಓರಗೆಯವರ ಹಲ್ಲು ನೋಡಿ, ಹಳದಿ-ಕಂದು ಗೆರೆ. ನಮ್ಮ ದೊಡ್ಡಪ್ಪನವರ ಮೊಣಕಾಲು ಐವತ್ತಕ್ಕೇ ಮಡಚಲಾರದಂತಾಯಿತು. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುತ್ತೇವೆ. ಆದರೆ ಎರಡು ಬಿಂದಿಗೆ ಒಳ್ಳೇ ನೀರಲ್ಲಿ ಎಂಟು ಜನರ ದಿನ ಕಳೆಸಿದವಳಿಗೆ ಹಡಗಿನ ನೀರಿನ ಅಳತೆ ಓದುವಾಗ ಗಂಟಲು ಕಟ್ಟುತ್ತದೆ. ಅಕ್ಕಿ ತೊಳೆದ ನೀರು ಸೊಪ್ಪಿಗೆ, ಸೊಪ್ಪು ತೊಳೆದ ನೀರು ಪಾತ್ರೆಗೆ, ಪಾತ್ರೆಯದು ಎಮ್ಮೆಯ ಬಾನಿಗೆ. ಯಾವ ಕ್ಯಾಪ್ಟನ್ ಬಂದು ನಮಗೆ ಕಲಿಸಬೇಕು?

ಮುಂದೆ ಮದುವೆಯಾಗಿ ಮಧುಗಿರಿಗೆ ಬಂದ ಮೇಲೆ ಓದಿದ್ದು ಸ್ಟೀವನ್‌ಸನ್ನನ 'ಟ್ರೆಷರ್ ಐಲೆಂಡ್'. ಕೊರಟಗೆರೆಯಲ್ಲಿರುವ ನಮ್ಮಕ್ಕ ತನ್ನ ಮಗನಿಗೆಂದು ಕೊಂಡ ಕನ್ನಡ ಸಂಗ್ರಹ. ಮಗ ಓದಲಿಲ್ಲ, ಚಿಕ್ಕಮ್ಮ ಓದಿದಳು. 1883ರ ಈ ಪುಸ್ತಕಕ್ಕೆ ಲೇಖಕ ಮೊದಲು ಇಡಬೇಕೆಂದಿದ್ದ ಹೆಸರು ಏನು ಗೊತ್ತೆ? 'ಕಡಲಿನ ಅಡುಗೆಯವ'! ಹೌದು, ಕುಂಟುಗಾಲಿನ ಲಾಂಗ್ ಜಾನ್ ಸಿಲ್ವರ್, ಜಗತ್ತಿಗೆಲ್ಲ ಹೆಸರಾದ ಆ ಕಡಲುಗಳ್ಳ, ಹಡಗಿನಲ್ಲಿ ಇದ್ದದ್ದು ಅಡುಗೆಯವನಾಗಿ. ಅಡುಗೆಮನೆ ಥಳಥಳ ಅನ್ನುವಂತೆ ಇಟ್ಟಿರುತ್ತಾನೆ. ಹುಡುಗ ಜಿಮ್ ಅವನ ಸಂಚನ್ನು ಕೇಳಿಸಿಕೊಳ್ಳುವುದು ಸೇಬಿನ ಪೀಪಾಯಿಯೊಳಗೆ ಕುಳಿತು. ಮೂರು ವರ್ಷ ದ್ವೀಪದಲ್ಲಿ ಒಬ್ಬನೇ ಇದ್ದ ಬೆನ್ ಗನ್ ಚಿನ್ನ ಕೇಳುವುದಿಲ್ಲ, ಒಂದು ತುಂಡು ಗಿಣ್ಣು ಇದೆಯಾ ಅಂತ ಕೇಳುತ್ತಾನೆ. (ನಮ್ಮ ಯಜಮಾನರ ಬಲಗಾಲೂ ಸ್ವಲ್ಪ ಎಳೆಯುತ್ತದೆ. ಮಗಳು ಅವರನ್ನು ಸಿಲ್ವರ್ ಅಂತಲೇ ಕರೆಯುವುದು. ಆ ಕಾಲಿನ ಕಥೆ ಮುಂದೆ ಬರುತ್ತದೆ.)

ಈ ಕಥೆಯಲ್ಲಿ ಹೆಂಗಸರು ಬೇಡ ಎಂದು ಸ್ಟೀವನ್‌ಸನ್ ತೀರ್ಮಾನಿಸಿದ್ದನಂತೆ. ಆದರೂ ಒಬ್ಬಳು ನುಸುಳಿ ಬಂದಳು, ಜಿಮ್‌ನ ತಾಯಿ. ಅವಳೊಬ್ಬಳಿಗಾಗಿಯೇ ನಾನು ಈ ಪುಸ್ತಕವನ್ನು ಎರಡು ಸಲ ಓದಿದೆ. ಅವಳ ಗಂಡ ತೀರಿಕೊಂಡಿದ್ದಾನೆ. ಅವರ ವಸತಿಗೃಹದಲ್ಲಿ ತಿಂಗಳುಗಟ್ಟಲೆ ಉಂಡು ಕಾಸು ಕೊಡದ ಮುದಿ ನಾವಿಕ ಸತ್ತುಬಿದ್ದಿದ್ದಾನೆ. ಅವನ ಪೆಟ್ಟಿಗೆಯಲ್ಲಿ ಹಣದ ಚೀಲ. ಹೊರಗೆ ಕತ್ತಲಲ್ಲಿ ಕಡಲುಗಳ್ಳರು ಬರುತ್ತಿದ್ದಾರೆ. ಬೇರೆ ಯಾರಾದರೂ ಚೀಲ ಎತ್ತಿಕೊಂಡು ಓಡುತ್ತಿದ್ದರು. ಅವಳು ಮೇಣದ ಬತ್ತಿಯ ಬೆಳಕಿನಲ್ಲಿ ಕುಳಿತು ಲೆಕ್ಕ ಮಾಡುತ್ತಾಳೆ! ನಮಗೆ ಬರಬೇಕಾದಷ್ಟೇ ತೆಗೆದುಕೊಳ್ಳುತ್ತೇನೆ, ಅದಕ್ಕಿಂತ ಒಂದು ಬಿಡಿಕಾಸು ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂದು ಹಟ. ಚೀಲದಲ್ಲಿ ನಾನಾ ದೇಶದ ನಾಣ್ಯ ಕಲಸಿಹೋಗಿವೆ, ಅವಳಿಗೆ ಲೆಕ್ಕ ಬರುವುದು ತನ್ನ ದೇಶದ್ದು ಮಾತ್ರ. ಜಿಮ್ ಬೈದುಕೊಳ್ಳುತ್ತಾನೆ, ಅವ್ವನ ಪ್ರಾಮಾಣಿಕತೆಯೂ ಆಯಿತು, ಆಸೆಯೂ ಆಯಿತು ಅಂತ. ನಾನು ಬೈಯಲಾರೆ. ಬಾಕಿ ಬರಬೇಕಾದ ದುಡ್ಡನ್ನು ಕೇಳಲು ಹೋಗಿ ಬಾಗಿಲಲ್ಲಿ ನಿಂತವಳಿಗೆ ಮಾತ್ರ ಗೊತ್ತು ಆ ಹಟ ಏನೆಂದು.

ಒಂದು ಮಾತು ನಡುವೆ. ಹಳೆಯ ಹಡಗುಗಳಲ್ಲಿ ಬಿರುಗಾಳಿಗಿಂತ ಹೆಚ್ಚು ಜನ ಸತ್ತದ್ದು ಸ್ಕರ್ವಿ ರೋಗದಿಂದ. ಒಣರೊಟ್ಟಿ, ಉಪ್ಪುಮಾಂಸ ತಿಂದು ತಿಂದು ವಸಡು ಊದಿ, ಹಲ್ಲು ಉದುರಿ, ಹಳೆಯ ಗಾಯಗಳು ಬಿಚ್ಚಿಕೊಳ್ಳುತ್ತಿದ್ದವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದವರು ವಾರದೊಳಗೆ ಎದ್ದು ಓಡಾಡಿದರು. 1753ರಲ್ಲಿ ಅವನು ಪುಸ್ತಕ ಬರೆದ. ಇಂಗ್ಲಿಷ್ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಿರೆಂದು ಅಪ್ಪಣೆ ಮಾಡಿದ್ದು 1795ರಲ್ಲಿ. ಒಂದು ನಿಂಬೆಹಣ್ಣಿಗೆ 42 ವರ್ಷ! ಅಡುಗೆಮನೆಯವರನ್ನು ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತೋ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 'ಮೊಬಿ ಡಿಕ್'. ಹರ್ಮನ್ ಮೆಲ್ವಿಲ್ ಎಂಬ ಅಮೆರಿಕದವನು 1851ರಲ್ಲಿ ಬರೆದದ್ದು. ಇದು ಮಾತ್ರ ನನ್ನ ಓದಲ್ಲ, ಕೇಳಿದ್ದು. ಮಗಳು ತುಮಕೂರಿನಲ್ಲಿ ಬಿ.ಎ. ಓದುವಾಗ ರಜೆಗೆ ಬಂದು, ನಾನು ಹುಣಸೆಹಣ್ಣು ಬಿಡಿಸುತ್ತಿದ್ದರೆ ಪಕ್ಕದಲ್ಲಿ ಕುಳಿತು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಬೇಸರದ ಭಾಗ ಬೇಕಾದಷ್ಟಿದೆ, ಸುಳ್ಳು ಹೇಳುವುದಿಲ್ಲ. ತಿಮಿಂಗಿಲದ ತಲೆಬುರುಡೆಯ ಮೇಲೆ ಎಷ್ಟು ಅಧ್ಯಾಯ! "ಅದನ್ನು ಹಾರಿಸು" ಅಂತ ಎಷ್ಟೋ ಸಲ ಹೇಳಿದ್ದುಂಟು. ಆದರೆ ಹಡಗು ನಾಂಟುಕೆಟ್ ಬಂದರು ಬಿಡುವ ಮುಂಚಿನ ಅಧ್ಯಾಯ ಬಂದಾಗ ಕೈಯಲ್ಲಿದ್ದ ಹಣ್ಣು ಕೆಳಗಿಟ್ಟೆ. ಮೂರು ವರ್ಷದ ಯಾನಕ್ಕೆ ಹೊರಟ ಹಡಗೆಂದರೆ ನಡುಗಡಲಲ್ಲಿ ಮೂರು ವರ್ಷದ ಸಂಸಾರ ಎಂದೇ ಮೆಲ್ವಿಲ್ ಹೇಳುತ್ತಾನೆ. ಅಲ್ಲಿ ಅಂಗಡಿಯಿಲ್ಲ, ಡಾಕ್ಟರಿಲ್ಲ. ಹಾಸಿಗೆಯಿಂದ ಹಿಡಿದು ಚಮಚದವರೆಗೆ ಎಲ್ಲ ಹೊತ್ತೊಯ್ಯಬೇಕು. ಆ ಓಡಾಟವನ್ನೆಲ್ಲ ಮಾಡುವವಳು ಚಾರಿಟಿ ಎಂಬ ವಯಸ್ಸಾದ ಹೆಂಗಸು, ಹಡಗಿನ ಮಾಲೀಕರಲ್ಲೊಬ್ಬನ ತಂಗಿ. ಒಂದು ಸಲ ಉಪ್ಪಿನಕಾಯಿ ಜಾಡಿ ಹಿಡಿದು ಹಡಗು ಹತ್ತುತ್ತಾಳೆ. ಇನ್ನೊಂದು ಸಲ ಬರೆಯುವವನಿಗೆ ಲೇಖನಿಯ ಗರಿ, ಮತ್ತೊಂದು ಸಲ ಯಾರದೋ ವಾತದ ಬೆನ್ನಿಗೆ ಉಣ್ಣೆ ಬಟ್ಟೆಯ ಸುರುಳಿ. ನನ್ನ ಕಡಲಿನ ಮಕ್ಕಳಿಗೆ ಯಾವುದಕ್ಕೂ ಕಡಿಮೆಯಾಗಬಾರದು ಎಂಬ ಚಿಂತೆ ಅವಳಿಗೆ.

ಅವಳು ಕೊಟ್ಟ ಶುಂಠಿಯ ಗತಿ ಏನಾಯಿತು ಕೇಳಿ. ಕ್ವೀಕೆಗ್ ಎಂಬ ಈಟಿಗಾರ ಶಾರ್ಕ್ ಮೀನುಗಳ ನಡುವೆ ಕೆಲಸ ಮಾಡಿ ನಡುಗುತ್ತಾ ಮೇಲೆ ಬರುತ್ತಾನೆ. ಪರಿಚಾರಕ ಅವನಿಗೆ ಬೆಚ್ಚಗಿನ ಶುಂಠಿನೀರು ಕೊಡುತ್ತಾನೆ. ಸ್ಟಬ್ ಎಂಬ ಅಧಿಕಾರಿಗೆ ಕೆಂಡದಂಥ ಕೋಪ. ಇದೇನು ಶುಂಠಿ, ಸಾರಾಯಿ ತಾ ಎಂದು ಗದರಿ, ಚಾರಿಟಿಯ ಶುಂಠಿಯನ್ನೆಲ್ಲ ಸಮುದ್ರಕ್ಕೆ ಎಸೆದುಬಿಡುತ್ತಾನೆ. ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಲಾರಿ ಹೊರಡುವಾಗ ನಾನು ಕಟ್ಟಿಕೊಟ್ಟ ಶುಂಠಿ-ಮೆಣಸಿನ ಪುಡಿ, ಹುರಿಗಾಳು, ಚಟ್ನಿಪುಡಿ ಎಷ್ಟು ಸಲ ಯಾವ ಡಾಬಾದ ಹಿಂದೆ ಬಿದ್ದಿತೋ ಯಾರು ಕಂಡವರು!

ನಮ್ಮ ಯಜಮಾನರು ಹದಿನೆಂಟು ವರ್ಷ ಲಾರಿ ಓಡಿಸಿದರು. ಶಿರಾದ ಹೆದ್ದಾರಿಯಲ್ಲಿ ಲಾರಿ ಹತ್ತಿದರೆ ಹುಣಸೆಹಣ್ಣು, ಕಡಲೆಕಾಯಿ ಹೇರಿಕೊಂಡು ನಾಗಪುರ, ಇಂದೂರು, ಒಂದೆರಡು ಸಲ ಗುವಾಹಟಿ. ಇಪ್ಪತ್ತು ದಿನ, ತಿಂಗಳು. ಆಗ ನಮಗೆ ಮೊಬೈಲ್ ಇರಲಿಲ್ಲ. ಎದುರಿನ ಅಂಗಡಿಗೆ ಫೋನ್ ಬರುತ್ತಿತ್ತು, ಹುಡುಗ ಬಂದು ಕೂಗುತ್ತಿದ್ದ. ಬಾರದ ದಿನ ಬಾರದು. ಆದ್ದರಿಂದ ಆ ಕಾದಂಬರಿಯ ಕೊನೆಯಲ್ಲಿ ಸ್ಟಾರ್‌ಬಕ್ ತನ್ನ ಹೆಂಡತಿ ಮೇರಿಯ ಮಾತು ಹೇಳುವುದಿದೆಯಲ್ಲ, ಅದು ಓದಿದ ದಿನ ನಾನು ರಾತ್ರಿ ಊಟ ಮಾಡಲಿಲ್ಲ. ದಿನಾ ಬೆಳಿಗ್ಗೆ ಮಗನನ್ನು ಎತ್ತಿಕೊಂಡು ದಿಬ್ಬ ಹತ್ತುತ್ತೇನೆ, ಅಪ್ಪನ ಹಾಯಿ ಮೊದಲು ಅವನಿಗೇ ಕಾಣಲಿ ಎಂದು ಮೇರಿ ಮಾತು ಕೊಟ್ಟಿರುತ್ತಾಳೆ. ತಿಮಿಂಗಿಲದ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಕ್ಯಾಪ್ಟನ್ ಆಹಾಬನದು ಇನ್ನೊಂದು. ಐವತ್ತು ದಾಟಿದ ಮೇಲೆ ಹುಡುಗಿಯೊಬ್ಬಳನ್ನು ಮದುವೆಯಾಗಿ ಮರುದಿನವೇ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಕಡೆಗೆ ಹಡಗು ಹತ್ತಿದವನು. ಅವಳು ಹೆಂಡತಿಯಲ್ಲ, ಗಂಡ ಬದುಕಿರುವ ವಿಧವೆ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮೇಲಾದರೂ ಹಡಗು ತಿರುಗಿಸಬೇಕೋ ಬೇಡವೋ? ತಿರುಗಿಸುವುದಿಲ್ಲ. ಒಬ್ಬನೇ ಒಬ್ಬ ಬದುಕಿ ಕಥೆ ಹೇಳುತ್ತಾನೆ, ಸ್ಟಾರ್‌ಬಕ್ ಅಲ್ಲ.

ಆ ತಿಮಿಂಗಿಲದ ಎಣ್ಣೆ ಯಾತಕ್ಕೆ ಬೇಕಿತ್ತು ಎಂದರೆ ಮನೆಯ ದೀಪಕ್ಕೆ. ಸೀಮೆಎಣ್ಣೆ ಬರುವ ಮುಂಚೆ ಅವರ ಮನೆಗಳಲ್ಲಿ ಉರಿಯುತ್ತಿದ್ದುದು ಅದು. ನಮ್ಮಲ್ಲಿ ಹರಳೆಣ್ಣೆ, ಹೊಂಗೆ ಎಣ್ಣೆ ಇದ್ದವು, ನಮ್ಮ ಪುಣ್ಯ. ನಾಂಟುಕೆಟ್‌ನಲ್ಲಿ ಗಂಡಸರೆಲ್ಲ ಕಡಲಿನ ಮೇಲಿದ್ದಾಗ ಹೆಂಗಸರು ಅಂಗಡಿ ಇಟ್ಟು ವ್ಯಾಪಾರ ನಡೆಸಿದರು. ಅಲ್ಲಿಯ ಒಂದು ಬೀದಿಗೆ ಲಂಗದ ಸಾಲು ಎಂದೇ ಹೆಸರು ಬಂತು. ಅದು ಮೆಲ್ವಿಲ್‌ನ ಪುಸ್ತಕದಲ್ಲಿ ಇಲ್ಲ, ಮಗಳು ಬೇರೆ ಕಡೆ ಓದಿ ಹೇಳಿದ್ದು.

ಈಗ ಕಾಲಿನ ಕಥೆ. 2006ರ ಮಳೆಗಾಲದಲ್ಲಿ ಘಟ್ಟದ ತಿರುವಿನಲ್ಲಿ ಲಾರಿ ಮಗುಚಿತು. ಜೀವ ಉಳಿಯಿತು, ಕಾಲು ಮೂರು ಕಡೆ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೋಡಲು ಬಂದ ನೆಂಟರೊಬ್ಬರು ಅವರ ಮುಂದೆಯೇ ಅಂದರು, "ಹೆಂಡ್ತಿ ಮನೇಲಿ ನಿಯಮದಿಂದ ಇದ್ರೆ ದಾರೀಲಿ ಗಂಡ ಕ್ಷೇಮವಾಗಿರ್ತಾನೆ. ಇವಳು ಕಥೆಪುಸ್ತಕ ಹಿಡ್ಕೊಂಡು ಕೂತ್ರೆ ಇನ್ನೇನಾಗತ್ತೆ?" ನಾನು ಕಾಫಿ ಲೋಟ ಅವರ ಮುಂದೆ ಇಟ್ಟು ಒಳಗೆ ಹೋದೆ. ಮಗಳಿಗೆ ಆಗ ನಾಲ್ಕು ವರ್ಷ. ಲಾರಿಯ ಬ್ರೇಕ್ ಸರಿಯಿಲ್ಲ ಎಂದು ಎರಡು ತಿಂಗಳಿಂದ ಇವರು ಹೇಳುತ್ತಲೇ ಇದ್ದರು. ಅದನ್ನು ಯಾರೂ ಎತ್ತಲಿಲ್ಲ.

ಅದಾದ ಒಂದೆರಡು ವರ್ಷಕ್ಕೆ ತಕಳಿ ಶಿವಶಂಕರ ಪಿಳ್ಳೈ ಅವರ 'ಚೆಮ್ಮೀನ್' ಕನ್ನಡದಲ್ಲಿ ಓದಿದೆ. ಮಲಯಾಳದಲ್ಲಿ 1956ರಲ್ಲಿ ಬಂದ ಕಾದಂಬರಿ. 1957ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು, 1965ರಲ್ಲಿ ಸಿನಿಮಾ ಆಯಿತು. ಆ ಕರಾವಳಿಯ ಬೆಸ್ತರಲ್ಲಿ ಒಂದು ನಂಬಿಕೆ. ಕಡಲಿಗೆ ಹೋದ ಗಂಡನ ಪ್ರಾಣ ದಡದಲ್ಲಿರುವ ಹೆಂಡತಿಯ ಶೀಲದಲ್ಲಿದೆ, ಅವಳು ತಪ್ಪಿದರೆ ಕಡಲಮ್ಮ ಅವನನ್ನು ನುಂಗುತ್ತಾಳೆ. ಕರುತ್ತಮ್ಮ ಮದುವೆಗೆ ಮುಂಚೆ ಪರೀಕುಟ್ಟಿ ಎಂಬ ಮುಸ್ಲಿಂ ವ್ಯಾಪಾರಿಯನ್ನು ಪ್ರೀತಿಸಿದವಳು. ಮದುವೆಯಾಗುವುದು ಪಳನಿ ಎಂಬ ಗಟ್ಟಿಗನನ್ನು. ಕೊನೆಗೆ ಅವಳು ಹಳೆಯ ಪ್ರಿಯನನ್ನು ಕಂಡ ರಾತ್ರಿಯೇ ಪಳನಿ ದೊಡ್ಡ ಶಾರ್ಕಿನ ಹಿಂದೆ ಹೋಗಿ ಸುಳಿಗೆ ಸಿಕ್ಕಿ ಸಾಯುತ್ತಾನೆ. ಅವಳ ಹೆಣವೂ ಪರೀಕುಟ್ಟಿಯ ಹೆಣವೂ ದಡಕ್ಕೆ ಬರುತ್ತವೆ.

ಓದಿ ಮುಗಿಸಿದಾಗ ನನಗೆ ಅಳುವಿನ ಜೊತೆಗೆ ಸಿಟ್ಟು. ನಂಬಿಕೆ ನಿಜವಾಯಿತು ಅಂತ ಲೇಖಕರೂ ಹೇಳುತ್ತಾರೇನು? ಮತ್ತೊಮ್ಮೆ ಕೊನೆಯ ಭಾಗ ತೆರೆದು ನಿಧಾನವಾಗಿ ಓದಿದೆ. ಆಗ ಕಂಡಿತು. ಪಳನಿ ಒಬ್ಬನೇ ಸಣ್ಣ ದೋಣಿಯಲ್ಲಿ ಆಳಕ್ಕೆ ಹೋದದ್ದು ಯಾಕೆ? ಕರುತ್ತಮ್ಮನ ಬಗ್ಗೆ ಊರು ಆಡಿಕೊಂಡಿತ್ತು. ಅಂಥವಳ ಗಂಡನ ಜೊತೆ ಕಡಲಿಗಿಳಿಯಲು ಜೊತೆಗಾರರೇ ಹೆದರಿದರು. ಚುಕ್ಕಾಣಿ ಹಿಡಿಯುತ್ತಿದ್ದವನನ್ನು ಹೊರಗಿಟ್ಟರು. ಹೊಟ್ಟೆಪಾಡಿಗೆ ಅವನು ಒಂಟಿಯಾಗಿ ಹೋಗಬೇಕಾಯಿತು. ಅವನನ್ನು ಆ ಸುಳಿಯ ತನಕ ತಳ್ಳಿದ್ದು ದಡದ ಬಾಯಿಗಳು. ತಕಳಿಯವರು ಅದನ್ನು ಬಿಡಿಸಿ ಹೇಳಿಲ್ಲ, ಆದರೆ ಬರೆದಿಟ್ಟಿದ್ದಾರೆ. ಬ್ರೇಕಿನ ಮಾತು ಯಾರೂ ಎತ್ತಲಿಲ್ಲ ಎಂದೆನಲ್ಲ, ಇದೂ ಹಾಗೆಯೇ. ಆ ಸಂಜೆ ಯಜಮಾನರಿಗೆ ಕಾಲು ತಿಕ್ಕುತ್ತಾ ಪೂರ್ತಿ ಕಥೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಆ ಪುಸ್ತಕ ಅವತ್ತು ಕಾಫಿ ಕುಡಿದೋರಿಗೂ ಕೊಡೇ" ಅಂದರು. ಕೊಡಲಿಲ್ಲ. ಅವರು ಓದುವವರಲ್ಲ.

ಕನ್ನಡದಲ್ಲಿ ಏನಿದೆ ಎಂದು ನೀವು ಕೇಳಬಹುದು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲು ಮನೆಯ ಬಾಗಿಲಲ್ಲೇ ಇದೆ. ಕೋಡಿ ಎಂಬ ಊರಿನ ಐತಾಳರ ಮನೆ, ಪಾರೋತಿ, ಸರಸೋತಿ ಇಬ್ಬರ ದುಡಿತ. ಅದನ್ನು ಓದದ ಗೃಹಿಣಿ ಇದ್ದರೆ ಈ ಸಂಚಿಕೆ ಕೆಳಗಿಟ್ಟು ಮೊದಲು ಅದನ್ನು ತಂದುಕೊಳ್ಳಲಿ. ಆದರೆ ಅದು ದಡದ ಕಥೆ. ಹಾಯಿ ಬಿಚ್ಚಿ ನಡುಗಡಲಿಗೆ ಹೋದವರ ಕಾದಂಬರಿ ನಮ್ಮಲ್ಲಿ ನನ್ನ ಕೈಗೆ ಸಿಕ್ಕಿಲ್ಲ. ಕಡಲು ದಾಟಿದರೆ ಜಾತಿ ಕೆಟ್ಟಿತು ಎನ್ನುತ್ತಿದ್ದವರ ಕೈಯಲ್ಲಿ ಲೇಖನಿ ಇತ್ತು. ದಾಟುತ್ತಿದ್ದವರ ಕೈಯಲ್ಲಿ ಹುಟ್ಟು ಇತ್ತು. ಕಾರಣ ಅದೇ ಇರಬೇಕು. ಹಾಗೆಂದು ಹಡಗುಗಳು ಇರಲಿಲ್ಲವೆ? ನಮ್ಮ ಮನೆಯ ಮಾಡಿನ ಮಂಗಳೂರು ಹೆಂಚಿನಂಥವೇ ಲಕ್ಷಗಟ್ಟಲೆ ಹಾಯಿಹಡಗುಗಳಲ್ಲಿ ಕರಾವಳಿಯುದ್ದಕ್ಕೂ ಹೋದವು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ ಒಯ್ಯುವ ಮರದ ಮಂಜಿಗಳು ಈಗ ಎಂಜಿನ್ ಕಟ್ಟಿಕೊಂಡಿವೆ. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹಡಗನ್ನು ನೌಕಾಪಡೆಗೆ ಸೇರಿಸಿಕೊಂಡರು. ಅಜಂತಾದ ಚಿತ್ರವೊಂದನ್ನು ನೋಡಿಕೊಂಡು ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ ಹಾಯಿಹಡಗು. ಹೊಲಿದದ್ದು! ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಚಿತ್ರ ನೋಡಿ ಮಗಳಿಗೆ ತೋರಿಸಿದೆ, ಹೊಲಿಗೆ ಒತ್ತಾಗಿ ಬಿದ್ದಿದೆ ನೋಡು ಅಂತ.

ಹೆಮಿಂಗ್ವೇ ಬರೆದ ಮುದುಕ ಮೀನುಗಾರನ ಕಥೆಯನ್ನು (1952) ಬಿಡಲಾರೆ. ಚಿಕ್ಕ ಪುಸ್ತಕ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. 84 ದಿನ ಮೀನು ಸಿಗದ ಸಾಂಟಿಯಾಗೋ ಒಬ್ಬನೇ ಹೋಗಿ ತನ್ನ ದೋಣಿಗಿಂತ ಉದ್ದದ ಮೀನು ಹಿಡಿಯುತ್ತಾನೆ, ದಡ ಸೇರುವುದರೊಳಗೆ ಶಾರ್ಕುಗಳು ಅದನ್ನು ಮೂಳೆ ಮಾಡಿಬಿಡುತ್ತವೆ. ನನಗೆ ಹಿಡಿಸಿದ್ದು ಉಪ್ಪಿನ ಮಾತು. ಹಸಿ ಮೀನು ತಿನ್ನುತ್ತಾ ಒಂದು ಚೂರು ಉಪ್ಪು, ಒಂದು ಹೋಳು ನಿಂಬೆ ಇದ್ದಿದ್ದರೆ ಅಂದುಕೊಳ್ಳುತ್ತಾನೆ. ದೋಣಿಯ ಮುಂಭಾಗಕ್ಕೆ ಕಡಲ ನೀರು ಚಿಮುಕಿಸಿ ಒಣಗಲು ಬಿಟ್ಟಿದ್ದರೆ ಉಪ್ಪು ಸಿಗುತ್ತಿತ್ತಲ್ಲ ಎಂದು ಆಮೇಲೆ ಹೊಳೆಯುತ್ತದೆ. ಅವನ ಗುಡಿಸಲಲ್ಲಿ ಸತ್ತುಹೋದ ಹೆಂಡತಿಯ ಚಿತ್ರ ಒಂದಿತ್ತು. ನೋಡಿದರೆ ಒಂಟಿತನ ಹೆಚ್ಚಾಗುತ್ತದೆಂದು ತೆಗೆದು, ಒಗೆದ ಅಂಗಿಯ ಕೆಳಗೆ ಇಟ್ಟಿರುತ್ತಾನೆ. ಇಡೀ ಪುಸ್ತಕದಲ್ಲಿ ಅವಳ ಬಗ್ಗೆ ಅಷ್ಟೇ. ಅಷ್ಟು ಸಾಕು.

ಇನ್ನು ಕಾದಂಬರಿಯಲ್ಲದ ಒಂದು. ಆಹಾಬ್ ಮದುವೆಯ ಮರುದಿನ ಹೊರಟದ್ದು ಕೇಪ್ ಹಾರ್ನ್ ಕಡೆಗೆ ಎಂದೆನಲ್ಲ, ಅಲೆ-ಬಿರುಗಾಳಿಗೆ ಹೆಸರಾದ ಆ ತುದಿಯನ್ನು 2018ರ ಜನವರಿಯಲ್ಲಿ ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ಹಾಯಿದೋಣಿಯಲ್ಲಿ ದಾಟಿದರು. ವರ್ತಿಕಾ ಜೋಶಿ ಮುಂದಾಳು. ದೋಣಿಯ ಹೆಸರು 'ತಾರಿಣಿ', ಉದ್ದ ಐವತ್ತೈದು ಅಡಿ. ನಮ್ಮ ವಠಾರಕ್ಕಿಂತ ಚಿಕ್ಕದು. 2017ರ ಸೆಪ್ಟೆಂಬರ್ 10ರಂದು ಗೋವಾ ಬಿಟ್ಟು, ಭೂಮಿ ಸುತ್ತಿ, 2018ರ ಮೇ 21ಕ್ಕೆ ಗೋವಾಕ್ಕೇ ಬಂದರು. ಅದೇ ದೋಣಿಯಲ್ಲಿ 2024-25ರಲ್ಲಿ ದಿಲ್ನಾ, ರೂಪಾ ಎಂಬ ಇಬ್ಬರೇ ಹೋಗಿ ಬಂದರು. ಇವರ ಮೇಲೆ ಒಂದು ಕಾದಂಬರಿ ಕನ್ನಡದಲ್ಲಿ ಯಾರಾದರೂ ಬರೆಯಬಾರದೆ? ದಡದಲ್ಲಿ ಕಾದವರು ಈ ಸಲ ಅಪ್ಪಂದಿರು, ಗಂಡಂದಿರು.

ಆರು ಜನರ ಆ ಯಾನದಲ್ಲಿ ನ್ಯೂಜಿಲೆಂಡಿನಿಂದ ಕೇಪ್ ಹಾರ್ನ್ ದಾಟಿ ಫಾಕ್‌ಲೆಂಡ್ ದ್ವೀಪ ಮುಟ್ಟುವವರೆಗೆ ಸುಮಾರು ನಲವತ್ತು ದಿನ ನಡುವೆ ನೆಲವೇ ಇಲ್ಲ. ಇದನ್ನು ಓದಿದ ದಿನ ನಾನೂ ಮಗಳೂ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆವು. ಅಕ್ಕಿ, ಬೇಳೆ, ಎಣ್ಣೆ ಸುಲಭವಾಗಿ ಬಂತು. ನೀರಿನಲ್ಲಿ ನಿಂತೆವು. ತಲೆಗೆ ದಿನಕ್ಕೆ ಮೂರು ಲೀಟರ್ ಅಂದರೂ ಕುಡಿಯುವುದಕ್ಕೇ 720 ಲೀಟರ್. ನಮ್ಮ ಇಪ್ಪತ್ತು ಲೀಟರಿನ ಕ್ಯಾನು ಮೂವತ್ತಾರು. ಅಡುಗೆಯದು ಬೇರೆ.

"ಈಗಿನ ದೋಣಿಗಳಲ್ಲಿ ಉಪ್ಪುನೀರನ್ನು ಸಿಹಿ ಮಾಡೋ ಮಿಷನ್ ಇರತ್ತಮ್ಮ" ಅಂದಳು ಮಗಳು.

"ಅದು ಕೆಟ್ಟರೆ?" ಅಂದೆ. ನಮ್ಮ ತವರೂರಿನ ನೀರಿನ ಘಟಕ ತಿಂಗಳಿಗೊಮ್ಮೆ ಕೆಡುತ್ತದೆ.

"ಮೂವತ್ತಾರು ಕ್ಯಾನು ಅಷ್ಟು ಸಣ್ಣ ದೋಣೀಲಿ ಎಲ್ಲಿಡ್ತಾರೆ?"

"ಮಂಚದ ಕೆಳಗೆ" ಅಂದೆ.